ಹಾಡು ಯಾರದು, ಲೆಕ್ಕ ಯಾರದು?

ಭಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಡೊಂಬಿವಲಿಯಿಂದ ಫೋನು ಮಾಡಿ, "ಅವರ ಹಾಡಿನ ಡಬ್ಬಿಯಲ್ಲಿ ಇದ್ದದ್ದನ್ನೆಲ್ಲ ಹೊರಗೆ ತೆಗೆಯೋದಕ್ಕೆ ಆಗುತ್ತೇನೋ? ನಿನಗೆ ಕಂಪ್ಯೂಟರ್ ಗೊತ್ತಲ್ಲ" ಎಂದು ಕೇಳಿದಳು. ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ಎಂಬುದೊಂದೇ ಪ್ರಶ್ನೆ ಎಂದು ಆಗ ತಿಳಿದಿದ್ದೆ. ಕೆಲಸ ಮುಗಿದ ಮೇಲೆ ಉಳಿದುಕೊಂಡ ಪ್ರಶ್ನೆ ಬೇರೆಯದು. ಅದನ್ನು ಓದುಗರ ಮುಂದಿಡಬೇಕೆಂದು ಈ ಬರಹ.

ಹಾಡಿನ ಡಬ್ಬಿ ಎಂದರೆ ಐಪಾಡ್. ೨೦೦೭ರಲ್ಲಿ ಅವರ ಮಗ ಅಮೆರಿಕದಿಂದ ತಂದುಕೊಟ್ಟ ೮೦ ಗಿಗಾಬೈಟಿನ ಐಪಾಡ್ ಕ್ಲಾಸಿಕ್. ಅಂಗೈಯಲ್ಲಿ ಹಿಡಿಯುವಂಥದು, ಒಳಗೆ ಪುಟ್ಟದೊಂದು ಹಾರ್ಡ್ ಡಿಸ್ಕು ತಿರುಗುತ್ತಿರುತ್ತದೆ. ಭಾವ ನಿವೃತ್ತರಾಗುವ ತನಕ ದಿನವೂ ಡೊಂಬಿವಲಿಯಿಂದ ವಿ.ಟಿ.ಗೆ ಹೋಗಿಬರುತ್ತಿದ್ದವರು. (ಆ ನಿಲ್ದಾಣದ ಹೆಸರು ಎರಡು ಸಲ ಬದಲಾಯಿತು, ಅವರ ಬಾಯಲ್ಲಿ ಅದು ಕೊನೆಯವರೆಗೂ ವಿ.ಟಿ.ಯೇ.) ಹೋಗುವಾಗ ಒಂದು ಗಂಟೆಗೂ ಮಿಕ್ಕು, ಬರುವಾಗ ಅಷ್ಟೇ. ಆ ಹೊತ್ತನ್ನು ತುಂಬಲು ಅವರು ಎರಡು ವರ್ಷದ ಭಾನುವಾರಗಳನ್ನು ಖರ್ಚು ಮಾಡಿದರು. ಮನೆಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಒಂದೊಂದಾಗಿ ಇಳಿಸಿಕೊಂಡರು. ಕ್ಯಾಸೆಟ್ಟು ಇಳಿಸುವುದಕ್ಕೆ ಅಡ್ಡದಾರಿಯಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಒಂದು ಗಂಟೆಯನ್ನೇ ಕೇಳುತ್ತದೆ.

ಆಮೇಲೆ ಅವರಿದ್ದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಬಾಡಿಗೆ ಮನೆಗೆ ಸಾಮಾನು ಸಾಗಿಸುವಾಗ ಕ್ಯಾಸೆಟ್ಟುಗಳು ರದ್ದಿಯವನ ಪಾಲಾದವು. ಕಂಪ್ಯೂಟರು ತಾನಾಗಿ ಕೆಟ್ಟಿತು. ೨೦೧೬ರಲ್ಲಿ ರಜೆಗೆ ಬಂದ ಮಗ ಐಪಾಡಿನೊಳಗಿಂದ ಟಿಕ್ ಟಿಕ್ ಸದ್ದು ಬರುವುದನ್ನು ಕೇಳಿ, ಇದು ಹೆಚ್ಚು ದಿನ ಬಾಳುವುದಿಲ್ಲವೆಂದು, ಅದರಲ್ಲಿದ್ದುದನ್ನು ಇದ್ದಂತೆಯೇ ಒಂದು ಹೊರ ಡಿಸ್ಕಿಗೆ ನಕಲು ಮಾಡಿಟ್ಟ. ಅವನ ಊಹೆ ಸರಿಯಾಗಿತ್ತು. ಹಾಗಾಗಿ ಅಕ್ಕ ನನ್ನ ಕೈಗೆ ಕೊಟ್ಟದ್ದು ಆ ಡಿಸ್ಕು. ಭಾವನ ಹಾಡುಗಳಿಗೆ ಜಗತ್ತಿನಲ್ಲಿ ಉಳಿದಿದ್ದ ಜಾಗ ಅದೊಂದೇ.

ತೆಗೆಯುವ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು; ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಪಲ್ ಕಂಪನಿ ೨೦೦೧ರ ಅಕ್ಟೋಬರಿನಲ್ಲಿ ಐಪಾಡನ್ನು ಹೊರತಂದಾಗ, ಅದರ ಹೊದಿಕೆಯ ಮೇಲೆ ಸಂಗೀತವನ್ನು ಕದಿಯಬೇಡಿರೆಂಬ ಎಚ್ಚರಿಕೆ ಅಂಟಿಸಿತ್ತು. ಎಚ್ಚರಿಕೆಯೊಂದೇ ಸಾಲದೆಂದು ಒಂದು ಏರ್ಪಾಡನ್ನೂ ಮಾಡಿತ್ತು. ಐಟ್ಯೂನ್ಸ್ ಎಂಬ ತಂತ್ರಾಂಶದ ಮೂಲಕ ಹಾಡು ಕಂಪ್ಯೂಟರಿನಿಂದ ಐಪಾಡಿಗೆ ಹೋಗಬಹುದು. ಅದೇ ದಾರಿಯಲ್ಲಿ ಹಿಂದಕ್ಕೆ ಬರುವಂತಿಲ್ಲ. ಮುಂದೆ ಆ ಕಂಪನಿಯ ಅಂಗಡಿಯಲ್ಲಿ ಕೊಂಡ ಹಾಡಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಮಿಕ್ಕ ಹಾಡುಗಳದು ಅಭಿಮನ್ಯುವಿನ ಪಾಡು. ಒಳಹೊಗುವ ದಾರಿ ಮಾತ್ರ ಗೊತ್ತು.

ಆದರೆ ಚಕ್ರವ್ಯೂಹವೇನೂ ಅಷ್ಟು ಭದ್ರವಾದದ್ದಲ್ಲ. ಐಪಾಡಿನ ಡಿಸ್ಕಿನಲ್ಲಿ ಸುಮ್ಮನೆ ನೋಡಿದರೆ ಕಾಣದ ಒಂದು ಫೋಲ್ಡರು ಇರುತ್ತದೆ. ಅದರೊಳಗೆ ಸಂಗೀತದ ಫೋಲ್ಡರು, ಅದರೊಳಗೆ ಎಫ್ ೦೦ರಿಂದ ಎಫ್ ೪೯ರವರೆಗೆ ಐವತ್ತು ಕೋಣೆಗಳು. ಹಾಡುಗಳೆಲ್ಲ ಈ ಕೋಣೆಗಳಲ್ಲಿ ಜಾತ್ರೆಯಲ್ಲಿ ಬಿಟ್ಟ ಚಪ್ಪಲಿಗಳಂತೆ ಚೆಲ್ಲಾಪಿಲ್ಲಿಯಾಗಿರುತ್ತವೆ. ಒಂದೇ ಕ್ಯಾಸೆಟ್ಟಿನ ಎಂಟು ಹಾಡು ಎಂಟು ಕೋಣೆಯಲ್ಲಿ. ಪ್ರತಿಯೊಂದಕ್ಕೂ ಅರ್ಥವಿಲ್ಲದ ನಾಲ್ಕಕ್ಷರದ ಹೆಸರು. ಎರಡು ಸಾವಿರ ಫೈಲುಗಳನ್ನು ಇಲಿಯ ಬಾಲ ಹಿಡಿದು ಒಂದೊಂದಾಗಿ ಎಳೆಯಲು ಹೊರಟರೆ ಶ್ರಾವಣ ಹೋಗಿ ಮಾಘ ಬರುತ್ತದೆ. ಇಂಥ ಕಡೆ ಕೈಹಿಡಿಯುವುದು ಚಿತ್ರಗಳಿಲ್ಲದ ಆ ಕಪ್ಪು ಪರದೆ. ಅಲ್ಲಿ ಒಂದು ಸಾಲು ಬೆರಳಚ್ಚು ಮಾಡಿ ಎಂಟರ್ ಒತ್ತಿದರೆ ಆಯಿತು: 'ಫೈಂಡ್' ಎಂಬ ಆಜ್ಞೆ ಐವತ್ತು ಕೋಣೆಗಳನ್ನೂ ಜಾಲಾಡಿ ಪಟ್ಟಿ ಕೊಡುತ್ತದೆ, 'ಸಿಪಿ' ಎಂಬುದು ನಕಲು ಮಾಡುತ್ತದೆ. ಎಂಪಿ೩ ಫೈಲು ತನ್ನ ಮೈಯಲ್ಲೇ ಒಂದು ಚೀಟಿ ಇಟ್ಟುಕೊಂಡಿರುತ್ತದೆ. ಹಾಡು ಯಾವುದು, ಹಾಡಿದವರಾರು, ಯಾವ ಕ್ಯಾಸೆಟ್ಟಿನದು ಎಂದು. ಆ ಚೀಟಿಯನ್ನು ಓದಿ ಫೈಲಿಗೆ ಸರಿಯಾದ ಹೆಸರಿಡುವ 'ಎಕ್ಸಿಫ್‌ಟೂಲ್' ಎಂಬ ಉಚಿತ ಸಲಕರಣೆಯಿದೆ. ಮೂಲ ಡಿಸ್ಕನ್ನು ಮುಟ್ಟದೆ, ಅದರ ನಕಲಿನ ಮೇಲೆ ಕೆಲಸ ಮಾಡಿದೆ. ಈ ಕಸುಬಿನಲ್ಲಿ ಅದು ಮೊದಲ ಪಾಠ. ೨,೩೧೪ ಫೈಲುಗಳಲ್ಲಿ ೨,೨೭೩ಕ್ಕೆ ಅರ್ಧ ಗಂಟೆಯೊಳಗೆ ಹೆಸರು ಬಂತು.

ಉಳಿದ ೪೧ರ ಕಥೆ ಆಮೇಲೆ. ಇಷ್ಟು ಹೊತ್ತಿಗಾಗಲೇ ಓದುಗರಲ್ಲಿ ಯಾರಾದರೂ, "ಕಂಪನಿ ಬರಕೂಡದೆಂದ ದಾರಿಯಲ್ಲಿ ತೆಗೆದದ್ದು ಕಳ್ಳತನವಲ್ಲವೆ?" ಎಂದು ಕೇಳಿಯಾರು. ನನಗೆ ಹಾಗೆ ಅನಿಸಿಲ್ಲ. ಆ ಫೋಲ್ಡರನ್ನು ಮರೆಮಾಡಿದ್ದು ಒಂದು ಪರದೆ; ಅದಕ್ಕೆ ಬೀಗವಿರಲಿಲ್ಲ. ನಿಜವಾದ ಬೀಗ ಹಾಕಿದ ಹಾಡುಗಳೂ ಒಂದು ಕಾಲದಲ್ಲಿದ್ದವು. ೨೦೦೩ರಲ್ಲಿ ಆಪಲ್ ತೆರೆದ ಅಂಗಡಿಯ ಹಾಡುಗಳು ಗೂಢಲಿಪಿಯಲ್ಲಿ ಬರುತ್ತಿದ್ದವು. ೨೦೦೯ರಲ್ಲಿ ಕಂಪನಿಯೇ ಆ ಬೀಗವನ್ನು ಕೈಬಿಟ್ಟಿತು. ಭಾವನ ಬಳಿ ಅಂಥದೊಂದೂ ಇರಲಿಲ್ಲ. ಆ ಅಂಗಡಿ ಭಾರತಕ್ಕೆ ಬಂದದ್ದೇ ೨೦೧೨ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು.

ಕಾನೂನು ಏನನ್ನುತ್ತದೆಂದು ನೋಡಿದರೆ, ಅದು ದೇಶಕ್ಕೊಂದು ರಾಗ ಹಾಡುತ್ತದೆ. ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ ೧೯೯೯ರಲ್ಲಿ, ರಿಯೊ ಎಂಬ ಪುಟ್ಟ ಪ್ಲೇಯರಿನ ಮೊಕದ್ದಮೆಯಲ್ಲಿ, ತನ್ನಲ್ಲಿರುವ ಹಾಡನ್ನು ತನ್ನ ಬಳಕೆಗಾಗಿಯೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿಕೊಳ್ಳುವುದನ್ನು ಒಪ್ಪಿತು. ಬ್ರಿಟನ್ನಿನಲ್ಲಿ ತಾನೇ ಕೊಂಡ ಸಿ.ಡಿ.ಯನ್ನು ತನ್ನ ಪ್ಲೇಯರಿಗೆ ಇಳಿಸಿಕೊಳ್ಳುವುದಕ್ಕೆ ೨೦೧೪ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿ, ೨೦೧೫ರ ಜುಲೈಯಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಒಂಬತ್ತು ತಿಂಗಳು ಸಾಧುವಾಗಿದ್ದವನು ಮತ್ತೆ ಅಪರಾಧಿ! ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸ್ವಂತ ಬಳಕೆಯ ನ್ಯಾಯವಾದ ನಕಲಿಗಿದ್ದ ರಿಯಾಯಿತಿಯನ್ನು ೨೦೧೨ರ ತಿದ್ದುಪಡಿ ಧ್ವನಿಮುದ್ರಣಗಳಿಗೂ ವಿಸ್ತರಿಸಿತು. ಅದೇ ತಿದ್ದುಪಡಿ ಬೀಗ ಮುರಿಯುವುದನ್ನು ಶಿಕ್ಷಾರ್ಹ ಮಾಡಿದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ ಎಂದು ಹೇಳಿತು. ಭಾವ ಕ್ಯಾಸೆಟ್ಟು ಇಳಿಸಿಕೊಂಡದ್ದು ಇದಕ್ಕೆ ನಾಲ್ಕು ವರ್ಷ ಮೊದಲು. ಅಲ್ಲದೆ ಆ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಅವರು ಕೊಂಡವಲ್ಲ. ಗೆಳೆಯರಿಂದ ಎರವಲು ತಂದು ನಕಲು ಮಾಡಿಕೊಂಡವು. ಎಂಬತ್ತರ ದಶಕದಲ್ಲಿ ಆ ಪಾಪ ಮಾಡದ ಮನೆ ಮುಂಬಯಿಯಲ್ಲಿ ಇತ್ತೆ? ಸಾಸಿವೆ ತರಲು ಹೊರಟಂತೆ ಆಗುತ್ತದೆ. ಅದನ್ನು ಸಮರ್ಥಿಸುವುದಿಲ್ಲ. ಆದರೆ ತಾನು ಸಂಪಾದಿಸಿದ ಹಾಡನ್ನು ಗಂಡ ಹೊತ್ತು ತಿರುಗಿದ, ಈಗ ಹೆಂಡತಿ ಕೇಳಬೇಕೆನ್ನುತ್ತಾಳೆ ಎಂಬಲ್ಲಿ ಹೊಸ ಪಾಪವೇನೂ ನನಗೆ ಕಾಣಲಿಲ್ಲ. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮರುದಿನ ೪೧ ಫೈಲುಗಳನ್ನು ಕೈಗೆತ್ತಿಕೊಂಡೆ. ಅವು ಎಂಪಿ೩ ಆಗಿರದೆ ವೇವ್ ಫೈಲುಗಳಾಗಿದ್ದವು. ಮನೆಯಲ್ಲಿ ರೆಕಾರ್ಡು ಮಾಡಿದ್ದನ್ನು ಭಾವ ಗುಣ ಕೆಡಬಾರದೆಂದು ಹಿಂಡದೆ ಹಾಗೆಯೇ ಇಟ್ಟಿದ್ದರೆಂದು ತೋರುತ್ತದೆ. ವೇವ್ ಫೈಲಿಗೆ ಐಟ್ಯೂನ್ಸ್ ಚೀಟಿ ಅಂಟಿಸುವುದಿಲ್ಲ. ಅದರ ಹೆಸರು ಇರುವುದು ಐಪಾಡಿನ ದೊಡ್ಡ ಖಾತೆ ಪುಸ್ತಕದಲ್ಲಿ ಮಾತ್ರ. ಐಟ್ಯೂನ್ಸ್‌ಡಿಬಿ ಎಂಬ ಒಂದೇ ಫೈಲು. ಯಾವ ಕೋಣೆಯ ಯಾವ ನಾಲ್ಕಕ್ಷರ ಯಾವ ಹಾಡೆಂದು ಅದಕ್ಕೆ ಗೊತ್ತು. ಆ ಖಾತೆಯನ್ನು ಓದಲು ಲಿಬ್‌ಜಿಪಾಡ್ ಎಂಬ ಉಚಿತ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ. ಹತ್ತು ಸಾಲಿನ ಒಂದು ಪ್ರೋಗ್ರಾಮು ಬರೆದು, ಎಲ್ಲವನ್ನೂ ಮುದ್ರಿಸು ಎಂದೆ. ಎಲ್ಲವನ್ನೂ ಎಂದದ್ದು ನನ್ನ ಸೋಮಾರಿತನ. ಹೆಸರು ಮತ್ತು ಜಾಗ ಎರಡೇ ಸಾಕಾಗಿತ್ತು.

ಸಾಲುಗಳು ಸರಸರನೆ ಇಳಿದವು. ೪೧ರಲ್ಲಿ ೧೯ ಅಕ್ಕನ ಹಾಡುಗಳು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎರಡು ದೇವರನಾಮ, ಮಗನ ನಾಮಕರಣದ ದಿನ ಹಾಡಿದ ಜೋಗುಳ. ಗಾಯಕರ ಹೆಸರಿನ ಜಾಗದಲ್ಲಿ ಭಾವ 'ಮನೆ' ಎಂದು ಬರೆದಿದ್ದರು. ಹೆಂಡತಿಯ ಹೆಸರು ಬರೆಯಲು ಅವರಿಗೆ ಅಲ್ಲಿಯೂ ಸಂಕೋಚ. ಓದಿ ನಗು ಬಂತು, ಕಣ್ಣೂ ತೇವವಾಯಿತು. ಅದೇ ಸಾಲಿನಲ್ಲಿ ಮುಂದಕ್ಕೆ, ಹಾಡಿನ ಉದ್ದ, ಸೇರಿಸಿದ ದಿನ, ಮತ್ತೆ ಇನ್ನೊಂದು ಅಂಕಣ: ಎಷ್ಟು ಸಲ ಕೇಳಿದ್ದಾರೆ.

ಬೇರೆ ಹಾಡುಗಳ ಮುಂದೆ ೪೦, ೮೮, ಒಂದು ಕಛೇರಿಯ ರಾಗಾಲಾಪನೆಯ ಮುಂದೆ ೨೧೨. 'ಮನೆ'ಯ ಹತ್ತೊಂಬತ್ತರ ಮುಂದೆಯೂ ಸೊನ್ನೆ.

ಕಂಪ್ಯೂಟರು ಮುಚ್ಚಿದೆ. ಇದು ನನಗೆ ಬೇಡದ ಸುದ್ದಿ. ನನ್ನನ್ನು ಕೇಳಿದ್ದು ಹಾಡು; ನನ್ನ ಕೈಗೆ ಬಂದದ್ದು ಹಾಡಿನ ಜೊತೆಗೆ ಒಬ್ಬ ಮನುಷ್ಯನ ಕಿವಿಯ ಲೆಕ್ಕ. ಹಾಡನ್ನು ತೆಗೆಯಬಹುದೆ ಎಂಬುದಕ್ಕೆ ಕಾನೂನು ಪುಸ್ತಕದಲ್ಲಿ ಉತ್ತರವಿತ್ತು. ಈ ಲೆಕ್ಕ ಯಾರದು, ಇದನ್ನು ನಾನು ನೋಡಬಹುದಿತ್ತೆ, ನೋಡಿಬಿಟ್ಟ ಮೇಲೆ ಹೇಳಬೇಕೆ ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ.

ಹಳೆಯ ಪುಸ್ತಕಗಳಲ್ಲಿ ಹುಡುಕುವುದು ವಯಸ್ಸಾದವರ ಚಾಳಿ, ನಾನೂ ಹುಡುಕಿದೆ. ಇನ್ನೊಬ್ಬರು ನಂಬಿ ಇಟ್ಟದ್ದನ್ನು ಕಾಯುವ ವಿಷಯ ನಮ್ಮ ಧರ್ಮಶಾಸ್ತ್ರಕಾರರಿಗೆ ಸಣ್ಣದಾಗಿರಲಿಲ್ಲ. ಮನುವಿನ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ನಂತರ ಎರಡನೆಯದೇ ನಿಕ್ಷೇಪ. ಅವರು ಅಲ್ಲೊಂದು ಸೂಕ್ಷ್ಮ ಭೇದವನ್ನೂ ಮಾಡುತ್ತಾರೆ. ಎಣಿಸಿ, ತೋರಿಸಿ, ಒಪ್ಪಿಸಿದ್ದು ನಿಕ್ಷೇಪ. ಪೆಟ್ಟಿಗೆಯಲ್ಲಿಟ್ಟು ಮುದ್ರೆಯೊತ್ತಿ, ಒಳಗೇನಿದೆಯೆಂದು ಹೇಳದೆ ಕೈಗೆ ಕೊಟ್ಟದ್ದು ಉಪನಿಧಿ. ಯಾಜ್ಞವಲ್ಕ್ಯರ ಪ್ರಕಾರ ಉಪನಿಧಿಯನ್ನು ಇದ್ದಂತೆಯೇ ಹಿಂದಿರುಗಿಸಬೇಕು. ಕಾಯುವವನು ಅದನ್ನು ತನ್ನಿಷ್ಟಕ್ಕೆ ಬಳಸಿದರೆ ದಂಡ. ರಾಜ, ದೈವ, ಕಳ್ಳರಿಂದ ಹೋದದ್ದಕ್ಕೆ ಮಾತ್ರ ಅವನು ಹೊಣೆಯಲ್ಲ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ; ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿದ್ದವನು. ಡೊಂಬಿವಲಿಯಿಂದ ಎರಡನೆಯ ಸ್ಟೇಷನ್ನಾದ ಕಲ್ಯಾಣವಲ್ಲ ಎಂದು ಇಲ್ಲಿಯ ಮಕ್ಕಳಿಗೆ ಬೇರೆಯಾಗಿ ಹೇಳಬೇಕು.

ಈ ಭೇದ ನನಗೆ ದಾರಿ ತೋರಿಸಿತೆಂದು ಹೇಳಲಾರೆ. ನನ್ನ ತಪ್ಪಿಗೆ ಒಂದು ಹೆಸರು ಕೊಟ್ಟಿತು. ಹಾಡುಗಳು ನಿಕ್ಷೇಪ. ಅವು ಇವೆಯೆಂದು ಎಲ್ಲರಿಗೂ ಗೊತ್ತು, ಭಾವ ತಾವೇ ನಮಗೆಲ್ಲ ಕೇಳಿಸಿದ್ದಾರೆ. ಲೆಕ್ಕ ಮುದ್ರೆಯೊಳಗಿನದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ: ಮುದ್ರೆಯೊತ್ತಿದ ಪೆಟ್ಟಿಗೆಯ ಒಡೆಯನಿಗೆ ತಾನೇನು ಇಟ್ಟೆನೆಂದು ಗೊತ್ತಿರುತ್ತದೆ. ದಿನಚರಿ ಬರೆಯುವವನೂ ಬರೆಯುತ್ತಿದ್ದೇನೆಂದು ಬಲ್ಲ, ಸುಡಬೇಕೆನಿಸಿದರೆ ಸುಡಬಲ್ಲ. ಇದು ಹಾಗಲ್ಲ. ಹೆಚ್ಚು ಕೇಳಿದ ೨೫ ಹಾಡುಗಳ ಪಟ್ಟಿಯೊಂದು ಆ ಐಪಾಡಿನಲ್ಲೇ ಇರುತ್ತದೆ, ಭಾವ ಒಮ್ಮೊಮ್ಮೆ ನೋಡಿದ್ದರೂ ಇರಬಹುದು. ಆದರೆ ಯಾರಿಗಾಗಿಯೂ ಅವರು ಆ ಲೆಕ್ಕವನ್ನು ಇಡಲಿಲ್ಲ. ಅವರ ಬೆನ್ನ ಹಿಂದೆ ನಿಂತು ಯಾರೋ ಗೋಡೆಯ ಮೇಲೆ ಗೀಟು ಹಾಕಿದಂತೆ ಅದು ಬೆಳೆಯಿತು.

ಫೋನಿನಲ್ಲಿ ಸೋದರಳಿಯನಿಗೆ ಈ ಮಾತು ಹೇಳಿದಾಗ, ಸೊನ್ನೆಯ ವಿಷಯ ಎತ್ತದೆ ಬರಿಯ ಪ್ರಶ್ನೆಯನ್ನು ಕೇಳಿದಾಗ, ಅವನು ನಕ್ಕ. "ಮಾವ, ಅದು ಡೇಟಾ ಅಷ್ಟೆ. ಈಗ ಎಲ್ಲ ಆ್ಯಪುಗಳೂ ಎಣಿಸುತ್ತವೆ. ವರ್ಷದ ಕೊನೆಗೆ ನೀವು ಯಾವ ಹಾಡನ್ನು ಎಷ್ಟು ಕೇಳಿದಿರಿ ಅಂತ ಬಣ್ಣದ ಚಿತ್ರ ಮಾಡಿ ಕೊಡುತ್ತವೆ, ಜನ ಅದನ್ನು ಊರಿಗೆಲ್ಲ ತೋರಿಸುತ್ತಾರೆ" ಎಂದ. ಅವನು ಹೇಳಿದ್ದು ನಿಜ. ತಂದೆಯ ಆಸ್ತಿಯಲ್ಲಿ ಮಗನಿಗೆ ಹಕ್ಕಿದೆ ಎಂದೂ ಅವನು ವಾದಿಸಬಹುದಿತ್ತು. ವಿಜ್ಞಾನೇಶ್ವರ ಅವನ ಪಕ್ಷಕ್ಕೇ ನಿಲ್ಲುತ್ತಿದ್ದ. ಆದರೆ ತೋರಿಸುವ ಜನ ಬದುಕಿರುವ ಜನ. ತಮಗೆ ಬೇಡದ್ದನ್ನು ಅವರು ತೋರಿಸುವುದಿಲ್ಲ. ಸತ್ತವನಿಗೆ ಆ ಸೌಕರ್ಯವಿಲ್ಲ. "ಅದು ಹಾಗಲ್ಲ ಮಾರಾಯ್ತಿ, ನಾನು ಹೇಳ್ತೀನಿ ಕೇಳು" ಎನ್ನಲು ಭಾವ ಇಲ್ಲ.

ಆ ಸೊನ್ನೆಗೆ ಅವರು ಏನು ಹೇಳುತ್ತಿದ್ದರೋ. ಬೆಳಗಾಗೆದ್ದು ಒಗ್ಗರಣೆಯ ಸದ್ದಿನ ಜೊತೆಗೆ ಕೇಳುತ್ತಿದ್ದ ದನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮತ್ತೇಕೆ ಕೇಳಬೇಕು? ನೆಂಟರ ಮನೆಗೆ ಹೋಗುವವನು ಮನೆಯ ಅನ್ನವನ್ನು ಗಂಟು ಕಟ್ಟಿಕೊಂಡು ಹೋಗುತ್ತಾನೆಯೆ? ಇದು ನನ್ನ ಊಹೆ. ಕೇಳಲು ಬೇಸರವಾಗಿತ್ತು ಎಂಬುದೂ ಊಹೆಯೇ. ಅಂಕಿ ಎರಡನ್ನೂ ಹೇಳುವುದಿಲ್ಲ, ಆದರೂ ಹೇಳಿದ ಹಾಗೆ ಕಾಣುತ್ತದೆ. ಅಂಕಿಗಿರುವ ಗೌರವವೇ ಅಂಥದು. ಸುಳ್ಳು ಹೇಳದೆಯೂ ಮೋಸ ಮಾಡಬಲ್ಲದು.

ಸಾಲದ್ದಕ್ಕೆ ಆ ಅಂಕಿಯ ಲೆಕ್ಕಾಚಾರದಲ್ಲಿ ಒಂದು ವಿಶೇಷವಿದೆ. ಹಾಡು ಕೊನೆಯವರೆಗೆ ಓಡಿದರೆ ಮಾತ್ರ ಐಪಾಡ್ ಅದನ್ನು ಒಂದು ಎಂದು ಎಣಿಸುತ್ತದೆ. ಮುಕ್ಕಾಲು ಭಾಗ ಕೇಳಿ, ಸ್ಟೇಷನ್ ಬಂತೆಂದು ಮುಂದಿನ ಹಾಡಿಗೆ ಹಾರಿಸಿದರೆ ಲೆಕ್ಕಕ್ಕಿಲ್ಲ. ಹತ್ತೊಂಬತ್ತು ಹಾಡನ್ನೂ ನೂರು ಸಲ ಅರ್ಧಂಬರ್ಧ ಕೇಳಿದರೂ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ.

ಹೀಗೆ ಗಟ್ಟಿ ಮಾಡಿಕೊಂಡು, ಹೆಸರುಗಳನ್ನಷ್ಟೇ ಉಳಿಸಿ ಬೇರೆ ಅಂಕಣಗಳನ್ನು ನನ್ನ ಪಟ್ಟಿಯಿಂದ ಅಳಿಸಿ, ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಡೊಂಬಿವಲಿಗೆ ಹೋದೆ. ಅಕ್ಕನ ಫೋನಿಗೆ ಎಲ್ಲವನ್ನೂ ತುಂಬಿಸಿಕೊಟ್ಟೆ. 'ಮನೆ' ಎಂಬುದನ್ನು ನೋಡಿ ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಲವತ್ತು ವರ್ಷದ ಹಿಂದಿನ ತನ್ನ ದನಿಯಲ್ಲಿ ಜೋಗುಳ ಕೇಳಿದಳು. ಹಿಂದೆ ಮಗುವಿನ ಅಳು, ಯಾರೋ ಲೋಟ ಬೀಳಿಸಿದ ಸದ್ದು, ನಮ್ಮಮ್ಮನ ಗದರಿಕೆ. ಆಮೇಲೆ ಕೇಳಿದಳು: "ಟ್ರೈನಿನಲ್ಲಿ ನನ್ನ ಹಾಡು ಕೇಳ್ತಿದ್ದರೇನೋ? ಅದೂ ಗೊತ್ತಾಗುತ್ತಾ ಇದರಲ್ಲಿ?"

ನಾನು ಹೇಳಿದೆ: "ಪೂರ್ತಿ ಕೇಳಿದರೆ ಮಾತ್ರ ಅದು ಎಣಿಸೋದು ಅಕ್ಕ. ಮಧ್ಯದಲ್ಲಿ ಬಿಟ್ಟರೆ ಎಣಿಸೋದಿಲ್ಲ. ಆ ಲೆಕ್ಕ ನಂಬೋ ಹಾಗಿಲ್ಲ."

ಒಂದು ಅಕ್ಷರವೂ ಸುಳ್ಳಲ್ಲ. ಆದರೆ ನಾನು ಅಂಕಿಯನ್ನು ನೋಡಿದ್ದೇನೆಂಬುದನ್ನು ಹೇಳಲಿಲ್ಲ, ಏನೆಂದೂ ಹೇಳಲಿಲ್ಲ. ಧರ್ಮರಾಯ ಅಶ್ವತ್ಥಾಮನ ವಿಷಯದಲ್ಲಿ ಆನೆಯೆಂಬುದನ್ನು ಮೆಲ್ಲಗೆ ಹೇಳಿದಾಗ, ಅಲ್ಲಿಯವರೆಗೆ ನೆಲಕ್ಕೆ ತಾಗದಿದ್ದ ಅವನ ರಥ ನೆಲಕ್ಕೆ ಇಳಿಯಿತಂತೆ. ನನ್ನ ರಥ ಮೊದಲಿನಿಂದಲೂ ನೆಲದ ಮೇಲೇ ಇರುವುದರಿಂದ ವ್ಯತ್ಯಾಸ ಗೊತ್ತಾಗಲಿಲ್ಲ. ಸತ್ಯವನ್ನು ಕೇಳಿದವರಿಗೆ ಕೊಡಬೇಕಾದ್ದು ಸಾಲ. ಆದರೆ ಈ ಸತ್ಯ ನನ್ನ ಗಂಟಿನದಾಗಿರಲಿಲ್ಲ. ಇನ್ನೊಬ್ಬರ ಗಂಟಿನಿಂದ ನನ್ನ ಸಾಲ ತೀರಿಸುವಂತಿಲ್ಲ ಎಂದೇ ಈಗಲೂ ನನ್ನ ಮತ. ಆ ಮತ ಗಟ್ಟಿಯಾಗಿದ್ದರೆ ಅಕ್ಕನ ಮುಖ ನೋಡಿ ಹೇಳಬಹುದಿತ್ತಲ್ಲ, ಫೋನಿನ ಪರದೆ ನೋಡುತ್ತ ಏಕೆ ಹೇಳಿದೆ ಎಂದರೆ ಉತ್ತರವಿಲ್ಲ.

ಅಕ್ಕ ನಕ್ಕಳು. "ಅವರು ಯಾವ ಹಾಡನ್ನು ಪೂರ್ತಿ ಕೇಳಿದ್ದಾರೆ! ಠಾಣೆ ಬರೋಷ್ಟರಲ್ಲಿ ಗೊರಕೆ. ಹಾಡು ಪಾಡಿಗೆ ಅದು ಓಡ್ತಿತ್ತು, ಇವರ ಪಾಡಿಗೆ ಇವರು ನಿದ್ದೆ. ಒಂದು ದಿನ ವಿ.ಟಿ.ಯಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ವಾಪಸು ಬಂದಿದ್ದರು, ಗೊತ್ತೇನು?"

ಗೊತ್ತಿರಲಿಲ್ಲ. ಹಾಗಾದರೆ ಆ ೨೧೨ರಲ್ಲಿ ನಿದ್ದೆಯ ಪಾಲೆಷ್ಟು? ರೈಲಿನಲ್ಲಿ ಹಿಂದಕ್ಕೆ ಬರುವಾಗ ಅದನ್ನೇ ಯೋಚಿಸುತ್ತಿದ್ದೆ.

ಮೂಲ ಡಿಸ್ಕು ನನ್ನ ಕಪಾಟಿನಲ್ಲಿದೆ. ಅದರಲ್ಲಿರುವ ಖಾತೆಯನ್ನು ಅಳಿಸಿಬಿಡಲು ಒಂದು ಸಾಲಿನ ಆಜ್ಞೆ ಸಾಕು. ಆದರೆ ಇದ್ದಂತೆಯೇ ಹಿಂದಿರುಗಿಸಬೇಕಾದ್ದನ್ನು ಅಳಿಸುವುದೂ ಬಳಸಿದಂತೆಯೇ ಅಲ್ಲವೆ? ಸೋದರಳಿಯ ಡಿಸೆಂಬರಿನಲ್ಲಿ ಬರುತ್ತಾನೆ. "ಮಾವ, ಹಾಡು ಅಮ್ಮನ ಹತ್ತಿರ ಇದೆಯಲ್ಲ, ಡಿಸ್ಕು ನನಗೆ ಕೊಡಿ, ಆ ಡೇಟಾಬೇಸನ್ನು ಒಂದು ಸಲ ನೋಡಬೇಕು" ಎಂದು ಈಗಾಗಲೇ ಹೇಳಿದ್ದಾನೆ.